ಗೋಡೆಯೊಳಗಿನ ಪೈಪಿಗೂ ಬಾಡಿಗೆದಾರನೇ ಹೊಣೆಯೇ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಮನೆ ಮಾಲೀಕರೊಬ್ಬರ ಪತ್ರ ಬಂದಿತ್ತು. ಬಾಡಿಗೆಯವರು ಮನೆ ಹಾಳು ಮಾಡಿ ಹೋಗುತ್ತಾರೆ, ನಲ್ಲಿಯಿಂದ ಹಿಡಿದು ಬಣ್ಣದವರೆಗೆ ಎಲ್ಲವನ್ನೂ ನಾವೇ ಸರಿ ಮಾಡಿಸಬೇಕು, ಅಡ್ವಾನ್ಸ್ ಇಟ್ಟುಕೊಳ್ಳುವುದೇ ಅದಕ್ಕೆ ಅಂತ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹಾಗೆ ಹಾಳು ಮಾಡಿ ಹೋಗುವವರು ಇದ್ದಾರೆ. ಆದರೆ ಕೊನೆಯಲ್ಲಿ ಒಂದು ಸಾಲಿತ್ತು: ನೀರು ಸೋರಿ ಕೆಳಗಿನ ಮನೆಗೆ ಆದ ನಷ್ಟವನ್ನೂ ಬಾಡಿಗೆಯವರೇ ಕಟ್ಟಿಕೊಡಬೇಕು, ಇದರಲ್ಲಿ ಎರಡು ಮಾತಿಲ್ಲ ಅಂತ. ಎರಡು ಮಾತು ಇದೆ. ಎರಡನೆಯದು ನನ್ನದು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಈ ಕಥೆಯ ತಮಾಷೆ ಇರುವುದೇ ಅಲ್ಲಿ. ವಿಜಯನಗರದಲ್ಲಿ 19 ವರ್ಷದಿಂದ ಜೆರಾಕ್ಸ್ ಮತ್ತು ಜಾಬ್ ಟೈಪಿಂಗ್ ಅಂಗಡಿ ನಡೆಸುತ್ತಿದ್ದೇನೆ. ಊರು ತಿಪಟೂರು ಕಡೆ. ಅಂಗಡಿಗೆ ಬರುವ ಕೆಲಸದಲ್ಲಿ ಅರ್ಧಕ್ಕರ್ಧ ಬಾಡಿಗೆ ಕರಾರು ಪತ್ರಗಳೇ. ಓನರ್ರು, ಬಾಡಿಗೆಯವರು, ನಡುವೆ ಒಬ್ಬ ಬ್ರೋಕರ್, ಮೂವರೂ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಹೆಸರು, ವಿಳಾಸ, ಬಾಡಿಗೆ, ಅಡ್ವಾನ್ಸ್ ಇಷ್ಟು ಹೇಳುತ್ತಾರೆ. ಉಳಿದ ಹದಿನಾಲ್ಕು ಷರತ್ತು ನನ್ನ ಕಂಪ್ಯೂಟರ್‌ನಲ್ಲಿ ಮೊದಲೇ ಇರುತ್ತವೆ. ಆ ಫೈಲಿನ ಹೆಸರು ‘ರೆಂಟ್ ನ್ಯೂ ಫೈನಲ್ 2’. ಅದನ್ನು ನಾನು ಬರೆದದ್ದಲ್ಲ. ಅಂಗಡಿ ಕೊಂಡಾಗ ಹಳೆ ಕಂಪ್ಯೂಟರ್ ಜೊತೆ ಬಂತು. ಹಿಂದಿನವರಿಗೆ ಅದು ಎಲ್ಲಿಂದ ಬಂತೋ ದೇವರೇ ಬಲ್ಲ. ಹೆಸರು ಬದಲಿಸು, ಇ-ಸ್ಟಾಂಪ್ ಪೇಪರ್ ಮೇಲೆ ಪ್ರಿಂಟ್ ತೆಗಿ, ಸಹಿ ಹಾಕಿಸು. ಹತ್ತು ನಿಮಿಷದ ಕೆಲಸ. ಇಷ್ಟು ವರ್ಷದಲ್ಲಿ ಆ ಷರತ್ತುಗಳನ್ನು ಕೂತು ಓದಿದವರನ್ನು ಬೆರಳಲ್ಲಿ ಎಣಿಸಬಹುದು. ಆ ಲೆಕ್ಕದಲ್ಲಿ ನಾನೂ ಇರಲಿಲ್ಲ.

ಎಲ್ಲರ ಕರಾರು ಟೈಪ್ ಮಾಡುವ ನನಗೂ ಸ್ವಂತ ಮನೆ ಇಲ್ಲ. 2021ರ ಜೂನ್‌ನಲ್ಲಿ ಮೂಡಲಪಾಳ್ಯದ ಹತ್ತಿರ ಹದಿನಾರು ಮನೆಗಳ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಮೂರನೇ ಮಹಡಿ, ಎರಡು ಬೆಡ್‌ರೂಮು. ಬಾಡಿಗೆ 16,000, ಅಡ್ವಾನ್ಸ್ 1,20,000. ಓನರ್ ಮೈಸೂರಿನಲ್ಲಿರುವ ರಿಟೈರ್ಡ್ ಸರ್ಕಾರಿ ನೌಕರರು. ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು, ನನ್ನ ಅಂಗಡಿ ಸರಿಯಾಗಿ ತೆರೆದಿರಲಿಲ್ಲ. ‘ಮೊದಲ ತಿಂಗಳು ಅರ್ಧ ಕೊಡಿ ಸಾಕು’ ಎಂದರು. ಇದನ್ನು ಬರೆಯಲೇಬೇಕು. ಅವರು ದುಷ್ಟರಲ್ಲ. ಕರಾರನ್ನು ನಾನೇ ನನ್ನ ಅಂಗಡಿಯಲ್ಲಿ ಟೈಪ್ ಮಾಡಿ, ನಾನೇ ಪ್ರಿಂಟ್ ತೆಗೆದು, ನಾನೇ ಸಹಿ ಹಾಕಿದೆ. ಟೈಪಿಂಗ್ ಚಾರ್ಜನ್ನೂ ತೆಗೆದುಕೊಳ್ಳಲಿಲ್ಲ.

2024ರ ನವೆಂಬರ್‌ನಲ್ಲಿ ಬೆಡ್‌ರೂಮಿನ ಗೋಡೆಯ ಬುಡದಲ್ಲಿ, ಬಾತ್‌ರೂಮಿಗೆ ಬೆನ್ನು ಕೊಟ್ಟಿರುವ ಕಡೆ, ಅಂಗೈಯಗಲ ಬಣ್ಣ ಉಬ್ಬಿತು. ಒತ್ತಿದರೆ ಹಪ್ಪಳದ ಹಾಗೆ ಪಟ್ ಅಂತ ಒಡೆದು ಉದುರಿತು. ಕೆಳಗೆ ಬಿಳಿ ಪುಡಿ. ನಾಲಿಗೆಗೆ ಹಚ್ಚಿ ನೋಡಿದ ನನ್ನ ಮಗ ‘ಉಪ್ಪಪ್ಪಾ’ ಎಂದ. ಫೋನ್ ಮಾಡಿದೆ. ‘ಈ ವರ್ಷ ಮಳೆ ಜಾಸ್ತಿ ಅಲ್ವಾ, ಒಣಗುತ್ತೆ ಬಿಡಿ’ ಎಂದರು ಓನರ್ ಸಾರ್. ಜನವರಿ ಬಂತು. ಮಳೆ ನಿಂತು ತಿಂಗಳಾಗಿತ್ತು. ಕಲೆ ಮಾತ್ರ ಮೊಣಕಾಲೆತ್ತರ ಏರಿತ್ತು. ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಫೆಬ್ರವರಿಯಲ್ಲಿ ಮತ್ತೆ ಕಳಿಸಿದೆ. ಕೈಮುಗಿದ ಗೊಂಬೆ ಬಂತು. ಈ ಕೈಮುಗಿದ ಗೊಂಬೆಗೆ ಏನರ್ಥ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ನೋಡಿದೆ ಅಂತಲೋ, ನಮ್ಮನ್ನು ಬಿಟ್ಟುಬಿಡಿ ಅಂತಲೋ.

ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಆಂಟಿ ಬಂದು ಬಾಗಿಲು ಬಡಿದರು. ಅದು ಅವರ ಸ್ವಂತ ಮನೆ. ಮಾತಾಡದೆ ‘ಬನ್ನಿ’ ಅಂತ ಕೈ ಹಿಡಿದು ನನ್ನ ಹೆಂಡತಿಯನ್ನು ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ರೂಮಿನ ಫಾಲ್ಸ್ ಸೀಲಿಂಗ್ ಬಾಣಂತಿಯ ಹೊಟ್ಟೆಯ ಹಾಗೆ ಜೋತುಬಿದ್ದಿತ್ತು. ಕೆಳಗೆ ವಾರ್ಡ್‌ರೋಬು. ಮೇಲಿನ ಖಾನೆಯ ಬಾಗಿಲಿನ ಪದರ ಸುರುಳಿಯಾಗಿ ಎದ್ದಿತ್ತು. ಒಳಗಿದ್ದ ರೇಷ್ಮೆ ಸೀರೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಹರಡಿದ್ದರು. ಮುಗ್ಗಲು ವಾಸನೆ. ಒಂದು ಹಸಿರು ಸೀರೆಯ ಮಡಿಕೆ ಮಡಿಕೆಯಲ್ಲೂ ಕಂದು ಗೆರೆ ಕೂತಿತ್ತು. ಆಂಟಿ ಬೈಯಲಿಲ್ಲ. ಬೈದಿದ್ದರೆ ನನಗೂ ನಾಲ್ಕು ಮಾತಾಡಲು ಆಗುತ್ತಿತ್ತು. ನನ್ನ ಹೆಂಡತಿ ಅಲ್ಲಿಂದಲೇ ಎರಡು ಸೀರೆ ಎತ್ತಿಕೊಂಡು ಬಂದು ಡ್ರೈಕ್ಲೀನಿಂಗ್‌ಗೆ ಕೊಟ್ಟಳು. ದುಡ್ಡು ನಾವೇ ಕೊಟ್ಟೆವು. ನೆರೆಹೊರೆ ಅಂದ ಮೇಲೆ ಅಷ್ಟಾದರೂ ಬೇಡವೇ? ಇದು ಮುಂದೆ ನನ್ನ ಕುತ್ತಿಗೆಗೇ ಬಂತು.

ಅವತ್ತು ಸಂಜೆ ಪ್ಲಂಬರನ್ನು ಕರೆಸಿದೆ. ಅರವತ್ತು ದಾಟಿದವರು, ನಮ್ಮ ಏರಿಯಾದಲ್ಲಿ ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರು ಬಂದವರೇ ಗೋಡೆ ಒಡೆಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಮೊದಲು ಕೆಳಗಿನ ಮನೆಗೆ ಹೋಗಿ, ಸೋರುವ ಜಾಗದಲ್ಲಿ ಒಂದು ಬಕೆಟ್ ಇಟ್ಟು, ಸುಮ್ಮನೆ ಕಾಲು ಗಂಟೆ ಕೂತರು. ಆಮೇಲೆ ಹೇಳಿದರು: ‘ನೋಡಿ, ಬಿಟ್ಟು ಬಿಟ್ಟು ಸೋರಿದ್ರೆ ಡ್ರೈನೇಜು. ಬಿಡದೆ ಸೋರಿದ್ರೆ ಸಪ್ಲೈ.’ ಸ್ನಾನ ಮಾಡಿದಾಗ, ಬಟ್ಟೆ ಒಗೆದಾಗ ಮಾತ್ರ ಹನಿಯುತ್ತಿದ್ದರೆ ನೀರು ಹೊರಹೋಗುವ ದಾರಿಯಲ್ಲಿ ತೂತು. ಯಾರೂ ನಲ್ಲಿ ಮುಟ್ಟದಿದ್ದರೂ ಹಗಲೂ ರಾತ್ರಿ ಹನಿಯುತ್ತಿದ್ದರೆ ಟ್ಯಾಂಕಿನಿಂದ ಬರುವ ಲೈನಿನಲ್ಲಿ ತೂತು. ಆ ಪೈಪಿನಲ್ಲಿ ಯಾವಾಗಲೂ ನೀರು ಒತ್ತಿಕೊಂಡೇ ನಿಂತಿರುತ್ತದೆ.

ಆದರೂ ಖಾತ್ರಿ ಮಾಡಿಕೊಳ್ಳಲು ಬಾತ್‌ರೂಮಿನ ನಹಾನಿ ಟ್ರ್ಯಾಪಿಗೆ, ಅಂದರೆ ನೆಲದ ನೀರು ಹೊರಹೋಗುವ ತೂತಿಗೆ, ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಒಂದು ಬಕೆಟ್ ಸುರಿದರು. ಎರಡು ಗಂಟೆ ಕಾದೆವು. ಕೆಳಗೆ ಬೀಳುತ್ತಿದ್ದ ಹನಿಯಲ್ಲಿ ನೀಲಿಯ ಸುಳಿವಿಲ್ಲ. ಮಾರನೆಯ ದಿನ ರಾತ್ರಿ ಗೀಸರ್ ಕೆಳಗಿನ ಆಂಗಲ್ ಕಾಕ್, ಅಂದರೆ ಗೀಸರ್‌ಗೆ ನೀರು ಬಿಡುವ ಸಣ್ಣ ನಲ್ಲಿ, ಅದೊಂದನ್ನೇ ತಿರುಗಿಸಿ ಬಂದ್ ಮಾಡಿಸಿದರು. ಬೇರೆಲ್ಲ ಹಾಗೇ ಇರಲಿ ಎಂದರು. ಬೆಳಿಗ್ಗೆ ಆರು ಗಂಟೆಗೆ ಆಂಟಿ ಕೆಳಗಿನಿಂದ ಕೂಗಿದರು: ‘ಬಕೆಟ್ ಒಣಗಿದೆ ರೀ!’ ಅಂದರೆ ತೂತು ಇರುವುದು ಗೀಸರ್‌ನಿಂದ ಶವರ್‌ಗೆ ಹೋಗುವ ಬಿಸಿನೀರಿನ ಲೈನಿನಲ್ಲಿ. ಎರಡು ಬಕೆಟ್, ಒಂದು ಹಿಡಿ ನೀಲಿ, ಒಂದು ನಲ್ಲಿ. ಇಷ್ಟರಲ್ಲಿ ಪತ್ತೆಯಾಗುವ ವಿಷಯಕ್ಕೆ ನಾವು ನಾಲ್ಕು ತಿಂಗಳು ಮಳೆಯನ್ನು ಬೈದಿದ್ದೆವು.

ನಾಲ್ಕು ಟೈಲ್ಸ್ ಒಡೆದ ಮೇಲೆ ಸಿಕ್ಕಿದ್ದು ಅರ್ಧ ಇಂಚಿನ ಒಂದು ಜಿಐ ಎಲ್ಬೋ, ಪೈಪು ತಿರುಗುವ ಕಡೆ ಹಾಕುವ ಮೊಣಕೈಯಂಥ ತುಂಡು. ಕಟ್ಟಡಕ್ಕೆ 22 ವರ್ಷ. ಆಗೆಲ್ಲ ಗೋಡೆಯೊಳಗೆ ಜಿಐ ಪೈಪನ್ನೇ ಹೂಳುತ್ತಿದ್ದರು. ಈಗಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಆಗಿನ್ನೂ ಎಲ್ಲ ಕಡೆ ಬಂದಿರಲಿಲ್ಲ. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಆ ಲೇಪ ಸವೆಯುವವರೆಗೆ ಗಟ್ಟಿ, ಸವೆದ ಮೇಲೆ ಬರೀ ಕಬ್ಬಿಣ. ನಮ್ಮ ಕಟ್ಟಡಕ್ಕೆ ಕಾವೇರಿ ವಾರಕ್ಕೆರಡು ಸಲ, ಉಳಿದಂತೆ ಬೋರ್‌ವೆಲ್. ಆ ಗಡಸು ನೀರು ಬಿಸಿಯಾದಾಗ ಬಿಡುವ ಸುಣ್ಣ ಪೈಪಿನೊಳಗೆಲ್ಲ ಕಟ್ಟಿಕೊಳ್ಳುತ್ತದೆ. ಅಣ್ಣ ಆ ಎಲ್ಬೋವನ್ನು ತೆಗೆದು ನನ್ನ ಕೈಗಿಟ್ಟರು. ಹೊರಗೆ ಸಾಸಿವೆ ಕಾಳಿನಷ್ಟು ತೂತು. ಒಳಗೆ ನೋಡಿದರೆ ಪೆನ್ಸಿಲ್ ತೂರುವಷ್ಟೂ ಜಾಗವಿಲ್ಲ. ಇಷ್ಟು ದಿನ ಶವರ್‌ನಲ್ಲಿ ಬಿಸಿನೀರು ಸಣ್ಣಗೆ ಬರುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ‘ಇದು ನೀವು ಬರೋ ಮುಂಚೆನೇ ಸಾಯೋಕೆ ಶುರುವಾಗಿತ್ತು ಸ್ವಾಮಿ’ ಎಂದರು ಅಣ್ಣ. ಆ ಎಲ್ಬೋ ಈಗ ನನ್ನ ಅಂಗಡಿಯ ಮೇಜಿನ ಮೇಲಿದೆ. ಫ್ಯಾನ್ ಹಾಕಿದಾಗ ಕರಾರು ಪತ್ರಗಳು ಹಾರದ ಹಾಗೆ ಅದನ್ನೇ ಇಡುತ್ತೇನೆ.

ಪೈಪಿನ ಕೆಲಸಕ್ಕೆ, ಟೈಲ್ಸಿಗೆ, ಕೂಲಿಗೆ ಒಟ್ಟು 9,500 ಆಯಿತು. ಹಳೆ ಟೈಲ್ಸಿಗೆ ಹೊಂದುವುದು ಸಿಗಲಿಲ್ಲ, ಬಾತ್‌ರೂಮಿನ ಗೋಡೆಗೆ ತೇಪೆ ಹಾಕಿದಂತೆ ಕಾಣುತ್ತಿತ್ತು. ಕೆಳಗಿನವರು ಫಾಲ್ಸ್ ಸೀಲಿಂಗ್, ಬಣ್ಣ, ವಾರ್ಡ್‌ರೋಬು ಎಲ್ಲಕ್ಕೂ ಅಂದಾಜು ಮಾಡಿಸಿದರು. 44,000. ಆ ಮೊತ್ತದ ಬಗ್ಗೆ ನನ್ನ ತಕರಾರಿಲ್ಲ, ಬಿಲ್ಲು ತೋರಿಸಿದ್ದರು. ತಕರಾರು ಇದ್ದದ್ದು ಅದನ್ನು ಯಾರು ಕೊಡಬೇಕು ಅನ್ನುವುದರಲ್ಲಿ. ಓನರ್ ಸಾರ್ ಮೈಸೂರಿನಿಂದ ಬಂದರು, ನೋಡಿದರು, ಕಾಫಿ ಕುಡಿದರು. ‘ಸದ್ಯಕ್ಕೆ ನಾನು ಕೊಟ್ಟಿರ್ತೀನಿ, ಆಮೇಲೆ ನೋಡೋಣ’ ಎಂದರು. ಆ ‘ಆಮೇಲೆ’ ಬಂದದ್ದು ಆಗಸ್ಟ್‌ನಲ್ಲಿ, ನಾವು ಮನೆ ಖಾಲಿ ಮಾಡಿದಾಗ.

ಅಷ್ಟು ಹೊತ್ತಿಗೆ ಬಾಡಿಗೆ 18,000ಕ್ಕೆ ಏರಿತ್ತು. ಕೀ ಕೊಟ್ಟ ದಿನ ಅವರು ಒಂದು ಚೀಟಿ ಕೊಟ್ಟರು. ಅಡ್ವಾನ್ಸ್ 1,20,000. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, 18,000. ಅದು ಬೆಂಗಳೂರಿನ ಪದ್ಧತಿ, ಒಪ್ಪಿಕೊಂಡೇ ಇದ್ದೆ. ಅದರ ಕೆಳಗೆ ‘ನೀರಿನ ಹಾನಿ 53,500’. ಕೈಗೆ ಬಂದದ್ದು 48,500. ಹೊಸ ಮನೆಗೆ ಅಡ್ವಾನ್ಸ್ ಕಟ್ಟಲು ಇದೇ ದುಡ್ಡನ್ನು ನಂಬಿಕೊಂಡಿದ್ದೆ. ಹೆಂಡತಿಯ ಎರಡು ಬಳೆ ಗಿರವಿಗೆ ಹೋದವು.

‘ಸಾರ್, ನವೆಂಬರ್‌ನಲ್ಲೇ ಹೇಳಿದ್ದೆನಲ್ಲ’ ಎಂದೆ. ‘ನೀವು ಬಳಸುತ್ತಿದ್ದ ಬಾತ್‌ರೂಮು’ ಎಂದರು. ‘ಪೈಪು ತುಕ್ಕು ಹಿಡಿದದ್ದು ಸಾರ್’ ಎಂದೆ. ‘ನಿಮ್ಮ ತಪ್ಪಲ್ಲ ಅಂದರೆ ಸೀರೆಗೆ ಯಾಕೆ ದುಡ್ಡು ಕೊಟ್ಟಿರಿ?’ ಎಂದರು. ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಬ್ಯಾಗಿನಿಂದ ಕರಾರು ತೆಗೆದು ಒಂಬತ್ತನೇ ಷರತ್ತಿನ ಮೇಲೆ ಬೆರಳಿಟ್ಟರು. ನನ್ನದೇ ಅಂಗಡಿಯ ಪ್ರಿಂಟು, ನನ್ನದೇ ಫಾಂಟು: ‘ಮನೆಯ ನಲ್ಲಿ, ಪೈಪು, ವಿದ್ಯುತ್ ಉಪಕರಣ ಇತ್ಯಾದಿಗಳಿಗೆ ಉಂಟಾಗುವ ಯಾವುದೇ ಹಾನಿ ಮತ್ತು ಅದರಿಂದಾಗುವ ನಷ್ಟವನ್ನು ಬಾಡಿಗೆದಾರರು ತಮ್ಮ ಸ್ವಂತ ಖರ್ಚಿನಿಂದ ಸರಿಪಡಿಸಿಕೊಡತಕ್ಕದ್ದು.’

‘ನಲ್ಲಿ’, ಒಂದು ಅಲ್ಪವಿರಾಮ, ‘ಪೈಪು’. ಆ ಒಂದು ಅಲ್ಪವಿರಾಮದ ಆಚೆಗೆ ಇಡೀ ಕಟ್ಟಡದ ಹೊಟ್ಟೆಯೇ ಇದೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬಾಡಿಗೆಯವನು ಯಾವತ್ತೂ ಹೊಣೆಯಲ್ಲ ಅಂತ ನನ್ನ ವಾದವಲ್ಲ. 2013ರಲ್ಲಿ ನಾಗರಬಾವಿಯಲ್ಲಿದ್ದಾಗ ಬೆಳಿಗ್ಗೆ ನೀರಿಲ್ಲ ಅಂತ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ, ಹಾಗೇ ಬಿಟ್ಟು, ಊರ ಹಬ್ಬಕ್ಕೆ ಹೋಗಿಬಿಟ್ಟಿದ್ದೆವು. ಮಧ್ಯಾಹ್ನ ನೀರು ಬಂತು. ಸಿಂಕಿನಲ್ಲಿ ಪಾತ್ರೆ ತುಂಬಿತ್ತು, ತೂತಿಗೆ ಅನ್ನದ ಅಗುಳು ಅಡ್ಡ ಕೂತಿತ್ತು. ಕೆಳಗಿನ ಮನೆಯವರ ಟಿವಿ ಸ್ಟ್ಯಾಂಡು ಹಾಳಾಯಿತು. ರಾತ್ರಿ ಬಂದು ನೋಡಿ, ಅವರು ಕೇಳುವ ಮೊದಲೇ 4,000 ಕೊಟ್ಟೆ. ಅದು ನನ್ನ ತಪ್ಪು. ನಲ್ಲಿಯ ಕಿವಿ ನನ್ನ ಕೈಯಲ್ಲಿತ್ತು. ಗೋಡೆಯೊಳಗಿನ ಎಲ್ಬೋ ಯಾವತ್ತು ನನ್ನ ಕೈಯಲ್ಲಿತ್ತು? ಅದನ್ನು ನಾನು ನೋಡಿದ್ದೇ ಅದು ಸತ್ತ ಮೇಲೆ. ಬೇಕೆಂದರೂ ಅದನ್ನು ನಾನು ಬದಲಿಸುವ ಹಾಗಿರಲಿಲ್ಲ. ಟೈಲ್ಸ್ ಒಡೆಯಲು ಓನರ್ ಒಪ್ಪಿಗೆ ಬೇಕು ಅಂತ ಅದೇ ಕರಾರಿನ ಹನ್ನೊಂದನೇ ಷರತ್ತು ಹೇಳುತ್ತದೆ. ಅಂದರೆ ಮುಟ್ಟುವ ಹಕ್ಕಿಲ್ಲ, ಕೆಟ್ಟರೆ ದಂಡ ಮಾತ್ರ ನನ್ನದು!

ನಮ್ಮ ಅಂಗಡಿಯಲ್ಲಿ ಅಫಿಡವಿಟ್ ಟೈಪ್ ಮಾಡಿಸುವ ವಕೀಲರೊಬ್ಬರಿದ್ದಾರೆ. ಅವರ ಮುಂದೆ ಎಲ್ಬೋ, ಕರಾರು ಎರಡನ್ನೂ ಇಟ್ಟೆ. ಅವರು ಹೇಳಿದ್ದನ್ನು ನನಗೆ ತಿಳಿದ ಭಾಷೆಯಲ್ಲಿ ಬರೆಯುತ್ತೇನೆ. ಬಾಡಿಗೆ ವ್ಯವಹಾರಕ್ಕೆ ಮೂಲ ಕಾನೂನು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅದರ 108ನೇ ಸೆಕ್ಷನ್. ಬಾಡಿಗೆದಾರ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು ಅಂತ ಅದು ಹೇಳುತ್ತದೆ, ಆದರೆ ಸಹಜವಾದ ಸವಕಳಿಯನ್ನು ಬಿಟ್ಟು. 22 ವರ್ಷದ ಕಬ್ಬಿಣ ತುಕ್ಕು ಹಿಡಿಯುವುದಕ್ಕಿಂತ ಸಹಜವಾದ ಸವಕಳಿ ಯಾವುದಿದೆ? ಬಾಡಿಗೆದಾರನೋ ಅವನ ಕೆಲಸದವರೋ ಮಾಡಿದ ತಪ್ಪಿನಿಂದ ಕೆಟ್ಟಿದ್ದರೆ, ಓನರ್ ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಅವನು ಸರಿ ಮಾಡಿಸಬೇಕು. ಅದೂ ನ್ಯಾಯವೇ. ಇನ್ನು ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು.

ಇಷ್ಟು ಕೇಳಿ ನಾನು ಗೆದ್ದೆ ಅಂದುಕೊಂಡೆ. ವಕೀಲರು ನಕ್ಕು, ಆ ಸೆಕ್ಷನ್ನಿನ ಮೊದಲ ಸಾಲು ಓದಿದರು. ಇದಕ್ಕೆ ವಿರುದ್ಧವಾದ ಕರಾರಾಗಲಿ, ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ ಮಾತ್ರ ಈ ನಿಯಮಗಳು. ‘ಕರಾರು ಇದೆಯಲ್ಲ ನಿಮ್ಮದು, ನೀವೇ ಟೈಪ್ ಮಾಡಿದ್ದು’ ಎಂದರು. 1882ರಿಂದ ಇರುವ ರಕ್ಷಣೆಯನ್ನು ನನ್ನ ಕಂಪ್ಯೂಟರಿನ ಒಂಬತ್ತನೇ ಸಾಲು ಹತ್ತು ನಿಮಿಷದಲ್ಲಿ ಅಳಿಸಿಹಾಕುತ್ತಿತ್ತು. ನನ್ನೊಬ್ಬನದ್ದಲ್ಲ, 19 ವರ್ಷದಿಂದ ನನ್ನ ಸ್ಟೂಲಿನ ಮೇಲೆ ಕೂತು ಸಹಿ ಹಾಕಿದ ಎಲ್ಲರದ್ದೂ. ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ.

ಸಾಲು ನಮ್ಮ ವಿರುದ್ಧವೇ ಇದೆ ಅಂತಲೂ ಕಣ್ಮುಚ್ಚಿ ಒಪ್ಪಬೇಕಿಲ್ಲ ಎಂದರು ವಕೀಲರು. ‘ಹಾನಿ’ ಅಂದರೆ ಬಾಡಿಗೆದಾರ ಮಾಡಿದ ಹಾನಿ ಅಂತ ಓದಬೇಕು, ವಯಸ್ಸಾಗಿ ಸವೆದದ್ದನ್ನಲ್ಲ ಅಂತ ವಾದಿಸಬಹುದು. ಜೊತೆಗೆ ಕೆಳಗಿನ ಮನೆಯವರು ಯಾರ ಅಜಾಗರೂಕತೆಯಿಂದ ನಷ್ಟವಾಯಿತೋ ಅವರನ್ನು ಕೇಳಬೇಕು. ನವೆಂಬರ್, ಜನವರಿ, ಫೆಬ್ರವರಿಯಲ್ಲಿ ಎಚ್ಚರಿಸಿದವನು ಅಜಾಗರೂಕ ಹೇಗಾದಾನು? ಆದರೆ ಇದೆಲ್ಲ ಕೋರ್ಟಿನಲ್ಲಿ ವಾದಿಸುವ ಮಾತು. 53,500ಕ್ಕೆ ಅಂಗಡಿ ಮುಚ್ಚಿಕೊಂಡು ಎಷ್ಟು ದಿನ ಅಲೆಯುವುದು?

ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನವರನ್ನೂ ಕೇಳಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: ಡಕ್ಟಿನಲ್ಲಿ, ಅಂದರೆ ಎಲ್ಲ ಮನೆಗಳ ಪೈಪು ಹಾದುಹೋಗುವ ಕಿಂಡಿಯಲ್ಲಿ, ಮೇನ್ ಲೈನ್ ಸೋರಿದರೆ ಅಸೋಸಿಯೇಷನ್, ಮನೆಯೊಳಕ್ಕೆ ತಿರುಗಿದ ಮೇಲೆ ಆ ಮನೆಯವರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೂ ಟ್ಯಾಂಕು, ಪಂಪು, ಮೋಟಾರು, ಎಲ್ಲರೂ ಬಳಸುವ ನೀರಿನ ವ್ಯವಸ್ಥೆ ಸಾಮೂಹಿಕ ಸ್ವತ್ತೇ. ಸರಿ, ಒಪ್ಪಿದೆ. ಆದರೆ ‘ಆ ಮನೆಯವರು’ ಅಂದರೆ ಯಾರು, ಓನರೋ ಬಾಡಿಗೆಯವರೋ? ‘ಅದು ನಿಮ್ಮ ನಿಮ್ಮೊಳಗೆ’ ಎಂದರು. ಮೀಟಿಂಗಿಗೆ ಬಾಡಿಗೆಯವರನ್ನು ಕರೆಯುವುದಿಲ್ಲ, ಅದು ಬೇರೆ ಮಾತು. ಹೊಸ ಕಟ್ಟಡವಾಗಿದ್ದರೆ ರೇರಾ ಎಂಬ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಫ್ಲ್ಯಾಟ್ ಕೈಗೆ ಬಂದ ಐದು ವರ್ಷದವರೆಗೆ ಕಳಪೆ ಕೆಲಸವನ್ನು ಬಿಲ್ಡರೇ ಉಚಿತವಾಗಿ ಸರಿ ಮಾಡಿಕೊಡಬೇಕು. ನಮ್ಮ ಕಟ್ಟಡಕ್ಕೆ ಆ ಮಾತೇ ಇಲ್ಲ.

ರೆಂಟ್ ಕಂಟ್ರೋಲ್ ಅಂತ ಒಂದಿದೆಯಲ್ಲ ಅಂತ ಕೆಲವರು ಕೇಳುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಇವತ್ತು ನಮ್ಮ ಏರಿಯಾದಲ್ಲಿ 3,500ಕ್ಕೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿತು. ನಾನು ಆ ಮನೆಗೆ ಬಂದ ತಿಂಗಳೇ. ಅದರ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಯಾರ ಪಾಲಿಗೆ ಯಾವ ರಿಪೇರಿ ಅಂತ ಪಟ್ಟಿಯನ್ನೇ ಕೊಟ್ಟಿದ್ದಾರೆ. ನಲ್ಲಿಯ ವಾಷರ್ ಬದಲಿಸುವುದು, ಚರಂಡಿ ಕಟ್ಟಿದರೆ ಬಿಡಿಸುವುದು, ಗೀಸರ್ ರಿಪೇರಿ, ಸ್ವಿಚ್ಚು, ಬಾಗಿಲ ಬೀಗ, ಕಿಟಕಿ ಗಾಜು ಬಾಡಿಗೆದಾರನವು. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಬೇಕಾದಾಗ ಪೈಪ್ ಬದಲಿಸುವುದು, ವೈರಿಂಗ್ ಮಾಲೀಕನವು. ಅಷ್ಟೇ. ನಮ್ಮಣ್ಣ ಪ್ಲಂಬರ್‌ಗೆ ಬರೆಯಲು ಹೇಳಿದ್ದರೂ ಅವರು ಹೀಗೇ ಬರೆಯುತ್ತಿದ್ದರು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತಲೂ ಅದರಲ್ಲಿದೆ. ಆದರೆ ಅದು ಬರೀ ಮಾದರಿ. ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರಷ್ಟೇ ಜೀವ. ಅಡ್ವಾನ್ಸ್ ವಿಷಯದಲ್ಲಿ ಓನರ್‌ಗಳಿಗೂ ಬಾಡಿಗೆಯವರಿಗೂ ಜಗಳ ನಡೆಯುತ್ತಲೇ ಇರಲಿ, ಆ ಒಂದು ಪುಟದ ಪಟ್ಟಿಯನ್ನಾದರೂ ಸರ್ಕಾರ ಕನ್ನಡದಲ್ಲಿ ಅಚ್ಚು ಹಾಕಿಸಿ ನಮ್ಮಂಥ ಟೈಪಿಂಗ್ ಅಂಗಡಿಗಳಿಗೆ ಹಂಚಲಿ. ಬೆಂಗಳೂರಿನ ಬಾಡಿಗೆ ಕಾನೂನು ನಿಜವಾಗಿ ತಯಾರಾಗುವುದು ನಮ್ಮ ಪ್ರಿಂಟರ್‌ನಲ್ಲಿ.

ನನ್ನ ಕಥೆ ಹೀಗೆ ಮುಗಿಯಿತು. ವಕೀಲರು ಒಂದು ನೋಟಿಸ್ ಕಳಿಸಿದರು. ವಾಟ್ಸ್‌ಆ್ಯಪ್ ಫೋಟೋಗಳ ಪ್ರಿಂಟು, ಎಲ್ಬೋದ ಫೋಟೋ, ಪ್ಲಂಬರ್ ಬರೆದುಕೊಟ್ಟ ನಾಲ್ಕು ಸಾಲು ಎಲ್ಲ ಜೊತೆಗಿಟ್ಟೆವು. ಮೂರು ವಾರಕ್ಕೆ ಓನರ್ ಸಾರ್ ಫೋನ್ ಮಾಡಿ ‘ಮನಸ್ತಾಪ ಬೇಡ’ ಅಂತ 30,000 ಹಾಕಿದರು. ಉಳಿದ 23,500 ಬಿಟ್ಟುಬಿಟ್ಟೆ. ಒಂದು ಬಳೆ ಮನೆಗೆ ಬಂದಿದೆ, ಇನ್ನೊಂದು ಬರಬೇಕು.

‘ರೆಂಟ್ ನ್ಯೂ ಫೈನಲ್ 2’ ಫೈಲನ್ನು ಈಗ ತೆಗೆದುಹಾಕಿದ್ದೇನೆ. ಹೊಸ ಫೈಲಿನಲ್ಲಿ ಒಂಬತ್ತನೇ ಷರತ್ತು ಹೀಗಿದೆ. ಗೋಡೆಯ ಹೊರಗೆ ಕಾಣುವ ನಲ್ಲಿ, ಶವರ್, ಕನೆಕ್ಷನ್ ಪೈಪು, ಫ್ಲಶ್ ಟ್ಯಾಂಕಿನ ಒಳಸಾಮಾನು ಬಾಡಿಗೆದಾರರ ಹೊಣೆ. ಗೋಡೆ, ನೆಲ, ಸ್ಲ್ಯಾಬಿನ ಒಳಗಿರುವ ಪೈಪು ಮತ್ತು ವಾಟರ್‌ಪ್ರೂಫಿಂಗ್ ಮಾಲೀಕರ ಹೊಣೆ. ತೇವ ಕಂಡ ಏಳು ದಿನದೊಳಗೆ ಬಾಡಿಗೆದಾರರು ಬರಹದಲ್ಲಿ ತಿಳಿಸಬೇಕು, ಫೋಟೋ ಸಮೇತ. ತಿಳಿಸಿದ ಹದಿನೈದು ದಿನದೊಳಗೆ ಮಾಲೀಕರು ಪ್ಲಂಬರ್ ಕರೆಸಿ ನೋಡಿಸಬೇಕು. ತಿಳಿಸದೆ ಬಿಟ್ಟು ಜಾಸ್ತಿಯಾದ ನಷ್ಟ ಬಾಡಿಗೆದಾರರದು, ತಿಳಿಸಿದ ಮೇಲೂ ಬಿಟ್ಟು ಆದ ನಷ್ಟ ಮಾಲೀಕರದು. ವಕೀಲರು ಎರಡು ಪದ ತಿದ್ದಿಕೊಟ್ಟರು, ಫೀಸು ತೆಗೆದುಕೊಳ್ಳಲಿಲ್ಲ.

ಈಗ ಆ ಸಾಲನ್ನು ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿಯೇ ಪ್ರಿಂಟ್ ಕೊಡುವುದು. ಹತ್ತು ನಿಮಿಷದ ಕೆಲಸ ಅರ್ಧ ಗಂಟೆಯಾಗಿದೆ, ಎರಡು ಗಿರಾಕಿ ಪಕ್ಕದ ಅಂಗಡಿಗೆ ಹೋಗಿದ್ದಾರೆ. ಒಬ್ಬ ಓನರ್ ‘ಇದೆಲ್ಲ ಯಾಕ್ರೀ, ಹಳೇದೇ ಹಾಕಿ’ ಎಂದರು. ಬಾಡಿಗೆಗೆ ಬಂದ ಹುಡುಗ ಐಟಿಯವನು, ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನು ಏನು ಮಾಡಲಿ, ಆ ಸಾಲು ತೆಗೆದೆ. ಕರಾರು ಅವರಿಬ್ಬರದು. ಆದರೆ ಹೋದ ತಿಂಗಳು ಎಪ್ಪತ್ತೈದರ ಒಬ್ಬ ಅಮ್ಮ ಬಂದಿದ್ದರು, ಗೋವಿಂದರಾಜನಗರದಲ್ಲಿ ಸಣ್ಣ ಮನೆ ಬಾಡಿಗೆಗೆ ಕೊಡಲು. ಸಾಲು ಓದಿ ಹೇಳಿದೆ. ಮೇಜಿನ ಮೇಲಿದ್ದ ಎಲ್ಬೋವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ‘ಗೋಡೆ ಒಳಗಿಂದು ನಂದೇ ಕಣಪ್ಪ. ಇಟ್ಟಿಗೆ ಇಟ್ಟಿಗೆಗೂ ನೀರು ಹಾಕಿ ಕಟ್ಟಿಸಿದ್ದು ನಾನೇ ತಾನೇ’ ಅಂತ ಸಹಿ ಹಾಕಿದರು.

ಆ ಪತ್ರ ಬರೆದ ಮಾಲೀಕರು ಇದನ್ನು ಓದಿದರೆ, ಅವರು ಬಾಡಿಗೆಯವರ ಮೇಲೆ ಹೊರಿಸುವ ಮೊದಲು ಒಂದು ಬಕೆಟ್ಟು ಮತ್ತು ಒಂದು ಹಿಡಿ ನೀಲಿಯಿಂದ ಪರೀಕ್ಷೆ ಮಾಡಲಿ ಅಂತ ಕೇಳಿಕೊಳ್ಳುತ್ತೇನೆ. ಬಾಡಿಗೆಯವರು ಗೋಡೆ ಉಬ್ಬಿದ ದಿನವೇ ಫೋಟೋ ತೆಗೆದು, ತಾರೀಕು ಹಾಕಿ ಕಳಿಸಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ನನ್ನ ನವೆಂಬರ್ ಫೋನು ಯಾರಿಗೂ ನೆನಪಿರಲಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಕರಾರು ರಿನ್ಯೂ ಮಾಡಿಸುತ್ತೀರಲ್ಲ, ಆಗ ಬಾಡಿಗೆ ಎಷ್ಟು ಏರಿತು ಅಂತ ಮಾತ್ರ ನೋಡದೆ ಪೈಪಿನ ಬಗ್ಗೆ ಇರುವ ಷರತ್ತನ್ನೂ ಒಮ್ಮೆ ಓದಿ. ವಿಜಯನಗರದಲ್ಲಿ ಮಾಡಿಸಿದ ಕರಾರಾದರೆ ಅದು ಒಂಬತ್ತನೇ ಸಾಲಿನಲ್ಲಿರುತ್ತದೆ. ಟೈಪ್ ಮಾಡಿದವನು ನಾನೇ ಇರಬಹುದು. ತಂದರೆ ಬದಲಿಸಿ ಕೊಡುತ್ತೇನೆ, ಟೈಪಿಂಗ್ ಚಾರ್ಜ್ ಇಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ಬಾಡಿಗೆದಾರ, ಜಾಬ್ ಟೈಪಿಂಗ್ ಅಂಗಡಿಯವನು
ವಿಜಯನಗರ, ಬೆಂಗಳೂರು